ಮೇಲಿನ ಒಂದು ರೂಪಾಯಿ

ಮೂರು ತಿಂಗಳು ನಾನು ನನ್ನ ಬ್ಯಾಂಕ್ ಖಾತೆಯನ್ನು ಮಡಿಯಲ್ಲಿಟ್ಟಿದ್ದೆ. ಒಂದು ರೂಪಾಯಿ ತೆಗೆಯುವ ಹಾಗಿಲ್ಲ, ಎಲ್ಲಿಂದಲೋ ಒಂದು ರೂಪಾಯಿ ಬಂದು ಬೀಳುವ ಹಾಗೂ ಇಲ್ಲ. ಹಾಲು, ತರಕಾರಿ, ಔಷಧಿಯ ಖರ್ಚೆಲ್ಲ ಪಿಂಚಣಿ ಬರುವ ಬೇರೆ ಖಾತೆಯಿಂದ. ಈ ಖಾತೆಯಲ್ಲಿ ಮಾತ್ರ ಮೂವತ್ತೇಳು ವರ್ಷದ ಅಂಚೆ ನೌಕರಿಯ ಗಳಿಕೆ ಒಟ್ಟಿಗೆ ಮಲಗಿತ್ತು. ಬೆಳಿಗ್ಗೆ ಎದ್ದು ಚಹಾಕ್ಕೆ ನೀರಿಡುವ ಮೊದಲು ಮೊಬೈಲಿನಲ್ಲಿ ಅದನ್ನೊಮ್ಮೆ ನೋಡುತ್ತಿದ್ದೆ. ಇದೆ. ನಿನ್ನೆ ಇದ್ದಷ್ಟೇ ಇದೆ. ಆಮೇಲೆ ಚಹಾ ರುಚಿಯಾಗುತ್ತಿತ್ತು. ಹಾಗೆ ನೋಡಲೆಂದೇ ಆ ಖಾತೆಯನ್ನು ನನ್ನ ಫೋನ್ ನಂಬರಿಗೆ ಜೋಡಿಸಿಕೊಂಡಿದ್ದೆ. ಮುಂದಿನ ಗದ್ದಲವೆಲ್ಲ ಶುರುವಾದದ್ದು ಅಲ್ಲಿಂದಲೇ.

ಇಷ್ಟೆಲ್ಲ ಯಾಕೆಂದರೆ ನಾನು ಥೈಲ್ಯಾಂಡಿಗೆ ಹೊರಟಿದ್ದೆ. ಟೂರಿಗಲ್ಲ, ಇರುವುದಕ್ಕೆ. ಒಂದು ಪೂರ್ತಿ ವರ್ಷ.

ನಿವೃತ್ತಿಯಾದ ವರ್ಷ ಬೆಳಗಾವಿಯ ಒಂದಿಷ್ಟು ಹೆಂಗಸರ ಜೊತೆ ಎಂಟು ದಿನ ಅಲ್ಲಿಗೆ ಹೋಗಿ ಬಂದಿದ್ದೆ. ಐದನೆಯ ದಿನ ಎಲ್ಲರೂ ಬಜಾರಿಗೆ ಹೊರಟಾಗ ಹೊಟ್ಟೆನೋವೆಂದು ಸುಳ್ಳು ಹೇಳಿ ಹಿಂದೆ ಉಳಿದೆ. ಒಬ್ಬಳೇ ಸಮುದ್ರದ ದಂಡೆಗೆ ಹೋಗಿ ಕೂತೆ. ಸುಟ್ಟ ಗೋವಿನಜೋಳ ಮಾರುತ್ತಿದ್ದ ಹೆಂಗಸೊಬ್ಬಳು ನನ್ನನ್ನು ನೋಡಿ ನಕ್ಕಳು, ಕೂರಲು ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಳು, ತನ್ನ ಕೆಲಸಕ್ಕೆ ಹೋದಳು. ಅಷ್ಟೇ. ಮಧ್ಯಾಹ್ನದವರೆಗೆ ಯಾರೂ ನನ್ನನ್ನು ಏನೂ ಕೇಳಲಿಲ್ಲ. ನಾನು ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ ಮೊಣಕಾಲ ಮಟ್ಟದ ನೀರಿಗೆ ಇಳಿದೆ, ಆಮೇಲೆ ನಿರಿಗೆಯ ಚಿಂತೆ ಬಿಟ್ಟು ಸೊಂಟದ ಮಟ್ಟಕ್ಕೆ ಇಳಿದೆ. ಅಲೆ ಬಂದು ನನ್ನನ್ನು ಎತ್ತಿ ಇಳಿಸಿತು. ಗಟ್ಟಿಯಾಗಿ ಕೂಗಿಬಿಟ್ಟೆ. ಆಗಲೂ ಯಾರೂ ತಿರುಗಿ ನೋಡಲಿಲ್ಲ.

ವಡಗಾವಿಯ ಓಣಿಯಲ್ಲಿ ಹುಟ್ಟಿ ಬೆಳೆದವರಿಗೆ ಇದು ಎಷ್ಟು ದೊಡ್ಡ ಸಂಗತಿ ಎಂದು ಬೇರೆಯವರಿಗೆ ಗೊತ್ತಾಗುವುದು ಕಷ್ಟ. ನಮ್ಮಲ್ಲಿ ಕೊತ್ತಂಬರಿ ತರಲು ಹೊರಟರೂ ಮೂಲೆ ತಿರುಗುವುದರೊಳಗೆ ನಾಲ್ಕು ಜನ ಎಲ್ಲಿಗೆ ಎಂದು ಕೇಳುತ್ತಾರೆ. ಮಗ್ಗದ ಸದ್ದಿನಲ್ಲಿ ಕೇಳಿಸದಿದ್ದರೆ ಮಗ್ಗ ನಿಲ್ಲಿಸಿ ಕೇಳುತ್ತಾರೆ. ನನಗೆ ಇನ್ನೊಂದು ಪ್ರಶ್ನೆ ಹೆಚ್ಚಿಗೆ: ಯಾಕೆ ಮದುವೆ ಆಗಲಿಲ್ಲ? ನಲವತ್ತು ವರ್ಷ ಅದನ್ನು ಕೇಳಿಸಿಕೊಂಡಿದ್ದೇನೆ. ಖಾನಾಪುರದ ಅಂಚೆ ಕಚೇರಿಯಲ್ಲಿದ್ದ ವರ್ಷಗಳಲ್ಲಿ ಮಲಪ್ರಭೆಯ ಸೇತುವೆಯ ಮೇಲೆ ಎಷ್ಟು ಸಲ ನಡೆದಿದ್ದೇನೋ. ಒಂದು ದಿನವೂ ಹಿಮ್ಮಡಿಗಿಂತ ಮೇಲೆ ನೀರು ಮುಟ್ಟಿಸಿಕೊಳ್ಳಲಿಲ್ಲ. ಅಲ್ಲಿ ಎಲ್ಲರಿಗೂ ನಾನು ಪೋಸ್ಟ್ ಬಾಯಿ. ಮುಟ್ಟಿಸಿಕೊಂಡಿದ್ದರೆ ಪೋಸ್ಟ್ ಬಾಯಾರು ಹೊಳೆಗೆ ಇಳಿದರು ಎಂದು ಬಜಾರಿನಲ್ಲಿ ಸುದ್ದಿಯಾಗುತ್ತಿತ್ತು.

ಹಾಗಾಗಿ ಐವತ್ತು ದಾಟಿದವರಿಗೆ ಅಲ್ಲಿ ನಿವೃತ್ತರ ವೀಸಾ ಎಂದು ಒಂದಿದೆ ಎಂದು ತಿಳಿದ ದಿನ ನನಗೆ ನಿದ್ದೆಯೇ ಬರಲಿಲ್ಲ. ನಾನು ಮೇಲಿನ ಕೋಣೆಯಲ್ಲಿ, ಅಣ್ಣ ಮತ್ತು ವೈನಿ, ಅಂದರೆ ಅತ್ತಿಗೆ, ಕೆಳಗೆ ಮಗ್ಗದ ಪಕ್ಕದ ಮನೆಯಲ್ಲಿ ಇರುತ್ತೇವೆ. ಮಾರನೆಯ ಬೆಳಿಗ್ಗೆ ಇಳಿದು ಹೋಗಿ ಇಬ್ಬರಿಗೂ ಹೇಳಿದೆ.

ಅಣ್ಣ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಥೈಲ್ಯಾಂಡ್ ಅಂದ್ರ ಮಂದಿ ಏನ್ ತಿಳ್ಕೋತಾರ ಗೊತ್ತೈತೇನು?" ಅಂದ.

"ಗೊತ್ತೈತಿ. ಗಂಡಸ್ರು ಯಾಕ ಹೋಗ್ತಾರ ಅನ್ನೂದೂ ಗೊತ್ತೈತಿ. ನಾ ನೀರಾಗ ನಿಂದ್ರಾಕ ಹೊಂಟೀನಿ," ಅಂದೆ.

ವೈನಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಹೋಗಲಿ ಬಿಡ್ರಿ. ಅಕಿ ಏನ್ ನಮ್ಮನ್ನ ಕೇಳಾಕತ್ತಾಳೇನು? ಹೇಳಾಕತ್ತಾಳ," ಅಂದಳು. ನನ್ನ ವೈನಿಗೆ ನನ್ನ ಸ್ವಭಾವ ಚೆನ್ನಾಗಿ ಗೊತ್ತು.

ವೀಸಾ ಮಾಡಿಸಿಕೊಡುವವಳು ಇಪ್ಪತ್ತೈದು ಇಪ್ಪತ್ತಾರರ ಹುಡುಗಿ. ಊರ ನಡುವೆ ಒಂದು ಔಷಧಿ ಅಂಗಡಿಯ ಮೇಲೆ ಅವಳ ಪುಟ್ಟ ಕಚೇರಿ. ಮೊದಲ ದಿನ ನನ್ನನ್ನು ಆಂಟಿ ಅಂದಳು. ನಾನು ನೋಡಿದ ನೋಟಕ್ಕೆ ಎರಡನೆಯ ವಾಕ್ಯದಿಂದ ಮೇಡಂ ಆದೆ. ಅವಳು ಹೇಳಿದ ಪ್ರಕಾರ ಅಲ್ಲಿನ ಹಣದಲ್ಲಿ ಎಂಟು ಲಕ್ಷ ಬಾತ್, ಅಂದರೆ ನಮ್ಮ ಇಪ್ಪತ್ತು ಲಕ್ಷದ ಆಚೀಚೆ, ನನ್ನೊಬ್ಬಳದೇ ಹೆಸರಿನ ಖಾತೆಯಲ್ಲಿ ಇರಬೇಕು. ಅರ್ಜಿಗೆ ಮೂರು ತಿಂಗಳ ಮೊದಲಿನಿಂದ ಅದು ಅಲ್ಲಾಡದೆ ಇದ್ದರೆ ಒಳ್ಳೆಯದು. ಅದರ ಜೊತೆಗೆ ಪೊಲೀಸರ ಪತ್ರ, ಡಾಕ್ಟರ ಪತ್ರ, ಆರೋಗ್ಯ ವಿಮೆ.

"ಮೇಡಂ, ಒಂದ್ ಲಕ್ಷ ಜಾಸ್ತೀನ ಇಡ್ರಿ. ಬಾತ್ ರೇಟ್ ಹಿಂದ ಮುಂದ ಆಗ್ತಿರ್ತದ," ಅಂದಳು.

ನಾನು ಕೇಳಲಿಲ್ಲ. ಮೂವತ್ತೇಳು ವರ್ಷ ಸಂಜೆ ಬಾಗಿಲು ಹಾಕುವ ಹೊತ್ತಿಗೆ ಒಂದು ಪೈಸೆ ಹೆಚ್ಚಿಲ್ಲದಂತೆ, ಕಡಿಮೆಯಿಲ್ಲದಂತೆ ನಗದು ಒಪ್ಪಿಸಿದವಳು ನಾನು. ಎಂಟು ಲಕ್ಷ ಎಂದರೆ ಎಂಟು ಲಕ್ಷ. ಆ ದಿನದ ದರಕ್ಕೆ ಗುಣಿಸಿ ಅಷ್ಟನ್ನೇ ಹಾಕಿದೆ. ಉಳಿದದ್ದರಲ್ಲಿ ವಿಮೆ ಕಟ್ಟಿದೆ, ವೈದ್ಯಕೀಯ ತಪಾಸಣೆ ಮಾಡಿಸಿದೆ, ಒಂದು ಗಾಲಿಯ ಸೂಟ್‌ಕೇಸು ಕೊಂಡೆ, ಮತ್ತೆ ಯಾರಿಗೂ ಹೇಳದೆ ಈಜುಕೊಳದ ಹೆಂಗಸರ ಬ್ಯಾಚಿಗೆ ಸೇರಿದೆ. ಹೇಳದಿದ್ದರೇನು, ಎರಡನೆಯ ದಿನವೇ ಓಣಿಗೆ ಗೊತ್ತಿತ್ತು.

ಓಣಿಗೆ ಬಾತ್ ವಿಷಯವೂ ಗೊತ್ತಾಯಿತು. ನೇಕಾರರು ನೂಲಿನ ದರ ಕೇಳಿಕೊಂಡೇ ದಿನ ಶುರುಮಾಡುವ ಜನ. ದರ ಏರುವುದು, ಇಳಿಯುವುದು ಅವರಿಗೆ ಹೊಸದಲ್ಲ. ನಾನು ಹಾಲಿಗೆ ಹೊರಟರೆ ಒಳಗಿನಿಂದ ಕೂಗು: "ಬಾಯಾರ, ಬಾತ್ ಏರೈತೋ ಇಳದೈತೋ?" ಬೀದಿಯ ಕೊನೆಯ ಮನೆಯ ಯಜಮಾನ ಅದನ್ನು ತನ್ನ ಫೋನಿನಲ್ಲೇ ನೋಡಲು ಕಲಿತ. ನನಗಿಂತ ಮೊದಲೇ ಅವನಿಗೆ ಗೊತ್ತಿರುತ್ತಿತ್ತು. "ಇವತ್ತ ಎರಡ್ ಪೈಸಾ ಇಳದೈತ್ರಿ, ಆರಾಮ ಇರ್ರಿ," ಎಂದು ಕಟ್ಟೆಯ ಮೇಲಿಂದಲೇ ಹೇಳುತ್ತಿದ್ದ. ಯಾರ ಕಣ್ಣಿಗೂ ಬೀಳದ ಕಡೆಗೆ ಹೋಗಲು ನಾನು ತಯಾರಿ ನಡೆಸಿದ್ದೆ, ಆ ತಯಾರಿಯನ್ನು ಇಡೀ ಓಣಿ ನೋಡುತ್ತಿತ್ತು. ಸಿಟ್ಟೂ ಬರುತ್ತಿತ್ತು, ನಗೂ ಬರುತ್ತಿತ್ತು.

ಮೂರು ತಿಂಗಳು ತುಂಬಲು ಒಂದು ವಾರ ಇರುವಾಗ ರೂಪಾಯಿ ಕುಸಿಯಿತು. ಬಾತಿಗೆ ಎಂಟು ಪೈಸೆ. ಕೇಳಲು ಎಂಟೇ ಪೈಸೆ, ಎಂಟು ಲಕ್ಷದಿಂದ ಗುಣಿಸಿದರೆ ಅರವತ್ನಾಲ್ಕು ಸಾವಿರ. ಅಷ್ಟು ಹಣ ನನ್ನ ಕೈಯಲ್ಲಿರಲಿಲ್ಲ. ಪಿಂಚಣಿಯಿಂದ ಕೂಡಿಸುತ್ತ ಕೂತರೆ ಪೊಲೀಸರ ಪತ್ರದ ಮುದ್ದತ್ತು, ಡಾಕ್ಟರ ಪತ್ರದ ಮುದ್ದತ್ತು ಎರಡೂ ಮುಗಿದು ಮತ್ತೆ ಮೊದಲಿನಿಂದ ಶುರು. ಎಲ್ಲಕ್ಕಿಂತ ಉರಿದದ್ದು, ಆ ಹುಡುಗಿ ಮೊದಲೇ ಹೇಳಿದ್ದಳು ಎಂಬುದು.

ಸಂಜೆ ಕೆಳಗೆ ಹೋಗಿ ವೈನಿಯ ಮುಂದೆ ಕೂತು ಅತ್ತೆ. ಅರವತ್ತು ದಾಟಿದವಳು ಸಣ್ಣ ಹುಡುಗಿಯ ಹಾಗೆ ಮೂಗು ಸೀಟುತ್ತ ಅತ್ತೆ. "ಎಷ್ಟ್ ಕಮ್ಮಿ ಬಿದ್ದೈತಿ?" ಎಂದಷ್ಟೇ ವೈನಿ ಕೇಳಿದಳು. ನಾನು ಹೇಳಿ ಮೇಲೆ ಹೋಗಿ ಮಲಗಿದೆ.

ಬೆಳಿಗ್ಗೆ ಫೋನು ಟಿಂಗ್ ಅಂತು. ಐದುನೂರಾ ಒಂದು. ಚಹಾಕ್ಕೆ ನೀರಿಟ್ಟೆ, ಮತ್ತೆ ಟಿಂಗ್. ನೂರಾ ಒಂದು. ಸಾವಿರದ ಒಂದು. ಐದು ಸಾವಿರದ ಒಂದು. ನೀರು ಕುದಿದು ಉಕ್ಕಿತು, ಟಿಂಗ್ ನಿಲ್ಲಲಿಲ್ಲ. ಬರೆಯಲು ಬಾರದ ವೈನಿ ಓಣಿಯ ಭಿಶಿ ಗುಂಪಿಗೆ, ಅಂದರೆ ತಿಂಗಳಿಗೊಮ್ಮೆ ಹಣ ಕೂಡಿಸಿ ಸರದಿಯಂತೆ ಎತ್ತಿಕೊಳ್ಳುವ ಹೆಂಗಸರ ಗುಂಪಿಗೆ, ತನ್ನ ದನಿಯಲ್ಲೇ ಒಂದು ಸಂದೇಶ ಕಳಿಸಿದ್ದಳು. ಅದು ಓಣಿ ದಾಟಿ ಖಾನಾಪುರಕ್ಕೆ ಹೋಗಿತ್ತು, ಅಲ್ಲಿಂದ ನಾನು ಮೊದಲು ಕೆಲಸ ಮಾಡಿದ ಗುಂಜಿಗೆ, ಬೀಡಿಗೆ ಹೋಗಿತ್ತು. ನನ್ನ ನಂಬರು ಇಲ್ಲದ ಮನೆ ಯಾವುದಿದೆ? ಎಲ್ಲರ ಪಿಂಚಣಿಯ ಅರ್ಜಿ, ವಿಮೆಯ ಅರ್ಜಿ ತುಂಬಿದವಳೇ ನಾನು. ಮಧ್ಯಾಹ್ನದೊಳಗೆ ಅರವತ್ತೆರಡು ಮನೆಯಿಂದ ಹಣ ಬಂದು ಬಿದ್ದು, ಕಡಿಮೆ ಬಿದ್ದದ್ದು ತುಂಬಿ ಮೇಲೆ ಸ್ವಲ್ಪ ಉಳಿದಿತ್ತು.

ನಾನು ಕುಣಿಯುವುದೊಂದು ಬಾಕಿ. ಆ ಖುಷಿಯಲ್ಲಿ ಖಾತೆಯ ಮಡಿಯೇ ಮರೆತುಹೋಗಿತ್ತು. ರಿಕ್ಷಾ ಹಿಡಿದು ವೀಸಾ ಹುಡುಗಿಯ ಹತ್ತಿರ ಓಡಿದೆ, ಫೋನು ಅವಳ ಮುಂದಿಟ್ಟೆ. ಅವಳು ಬೆರಳಿನಿಂದ ಮೇಲೆ ಸರಿಸಿದಳು, ಮತ್ತೆ ಸರಿಸಿದಳು. ಅವಳ ಮುಖದ ಬಣ್ಣ ಹೋಯಿತು.

"ಮೇಡಂ, ಇವ್ರೆಲ್ಲಾ ಯಾರ್ರೀ?"

"ನಮ್ಮ ಮಂದಿ."

"ಮೂರ್ ತಿಂಗಳು ಚಂದಂಗ ಇತ್ತಲ್ರೀ! ಈಗ ಒಂದ ದಿನದಾಗ ಅರವತ್ತೆರಡ ಮಂದಿ ರೊಕ್ಕಾ ಹಾಕಿದ್ರ, ಇದು ತೋರ್ಸಾಕ ತಂದ ಸಾಲ ಅಂತಾರ. ಖರೇ ಹೇಳ್ತೀನಿ, ಅರ್ಜಿ ತಿರಗಿ ಬರ್ತದ."

ಅವಳು ಎರಡು ದಾರಿ ಹೇಳಿದಳು. ಎಲ್ಲರಿಗೂ ಹಣ ವಾಪಸ್ ಕಳಿಸಿ, ಅಲುಗಾಡದ ಮೂರು ತಿಂಗಳನ್ನು ಮತ್ತೆ ಎಣಿಸಲು ಶುರುಮಾಡುವುದು. ಇಲ್ಲವೇ ಅವರು ಕೇಳುವ ಮೊದಲೇ ಅರವತ್ತೆರಡು ಜನ ಯಾರು, ಯಾಕೆ ಕೊಟ್ಟರು ಎಂದು ಪುರಾವೆಯೊಂದಿಗೆ ಬರೆದುಕೊಡುವುದು. ಸಿಟ್ಟಿನಿಂದ ನನ್ನ ಕಿವಿ ಬಿಸಿಯಾಗಿತ್ತು. ಈ ಜನ ನನ್ನನ್ನು ಒಂದು ಸಲ, ಒಂದೇ ಒಂದು ಸಲ ನನ್ನ ಪಾಡಿಗೆ ಬಿಡಬಾರದಿತ್ತೇ?

ಮನೆಗೆ ಬಂದು ವೈನಿಯ ಮೇಲೆ ಹರಿಹಾಯ್ದೆ. ಎಲ್ಲರಿಗೂ ಇವತ್ತೇ ವಾಪಸ್ ಹಾಕುತ್ತೇನೆ ಅಂದೆ. ವೈನಿ ಶೇಂಗಾ ಸುಲಿಯುತ್ತಿದ್ದವಳು ತಲೆ ಎತ್ತಿದಳು.

"ಹಾಕಿ ನೋಡು. ಮುಯ್ಯಿ ಯಾರರೆ ತಿರಗಿ ಕೊಡ್ತಾರೇನು? ಬಾಗಲದಾಗ ನಿಂತ ಬೈತಾರ."

ಮುಯ್ಯಿ ಎಂಬ ಶಬ್ದ ಕೇಳಿ ನಾನು ಅಲ್ಲೇ ಕೂತೆ. ನಮ್ಮ ಕಡೆ ಮದುವೆಗೆ, ತೊಟ್ಟಿಲಿಗೆ, ಹೊಸ ಮನೆಯ ಶಾಂತಿಗೆ ಹೋದವರು ಆಯೇರ ಮಾಡುತ್ತಾರೆ, ಬಟ್ಟೆಯನ್ನೋ ಹಣವನ್ನೋ ಕೊಡುತ್ತಾರೆ. ಯಾರು ಎಷ್ಟು ಕೊಟ್ಟರು ಎಂದು ಮನೆಯವರು ಪುಸ್ತಕದಲ್ಲಿ ಬರೆದಿಡುತ್ತಾರೆ. ಕೊಟ್ಟವರ ಮನೆಯಲ್ಲಿ ಕಾರ್ಯವಾದಾಗ ಅದನ್ನು ತಿರುಗಿ ಮಾಡಬೇಕು. ಅದೇ ಮುಯ್ಯಿ. ನಾನು ಮೂವತ್ತೇಳು ವರ್ಷ ಎಲ್ಲರ ಮನೆಗೂ ಹೋಗಿ ಕೊಟ್ಟಿದ್ದೆ. ನನ್ನ ಮನೆಯಲ್ಲಿ ಮದುವೆಯಿಲ್ಲ, ತೊಟ್ಟಿಲಿಲ್ಲ. ತಿರುಗಿ ಕೊಡಲು ಯಾರಿಗೂ ದಾರಿಯೇ ಇರಲಿಲ್ಲ, ನಾನೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

"ನಿನ್ನ ಮುಯ್ಯಿ ಎಲ್ಲಾರ ಮನ್ಯಾಗೂ ಉಳದಿತ್ತು ತಂಗಿ. ಈಕಿ ಪರದೇಶಕ್ಕ ಹೊಂಟಾಳ, ಇದ ಈಕಿ ಕಾರ್ಯ ಅಂತ ತಿಳ್ಕೊಂಡು ಹಾಕ್ರಿ ಅಂದೆ. ನನ್ನ ಬಾಯಾಗಿಂದ ಮಾತು ಬೀಳೂದ ತಡಾ, ಹಾಕಿದ್ರು."

ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಅವಳ ಮೊರದಿಂದ ಶೇಂಗಾ ತೆಗೆದು ಸುಲಿಯತೊಡಗಿದೆ. ಆಮೇಲೆ ತಟ್ಟನೆ ಹೊಳೆಯಿತು. ಪುರಾವೆ! ಎಲ್ಲರ ಮನೆಯಲ್ಲೂ ಪುಸ್ತಕ ಇದೆಯಲ್ಲ!

ಮುಂದಿನ ನಾಲ್ಕು ದಿನದಷ್ಟು ಉತ್ಸಾಹದಲ್ಲಿ ನಾನು ಯಾವತ್ತೂ ಓಡಾಡಿಲ್ಲ. ಓಣಿಯ ಪುಸ್ತಕಗಳು ತಾವಾಗಿಯೇ ನಡೆದು ಬಂದವು. ಅಟ್ಟದಿಂದ, ಹಾಸಿಗೆಯ ಕೆಳಗಿನಿಂದ, ದೇವರ ಮಾಡದಿಂದ ತೆಗೆದು, ಧೂಳು ಹೊಡೆದು ತಂದರು. ಪ್ರತಿ ಪುಟದ ಫೋಟೋ ತೆಗೆದುಕೊಂಡೆ. ಮೂರನೆಯ ದಿನ ಬೆಳಿಗ್ಗೆ ಖಾನಾಪುರದ ಬಸ್ಸು ಹತ್ತಿದೆ, ಅಲ್ಲಿನ ಮನೆಗಳನ್ನು ಮುಗಿಸಿ ಗುಂಜಿಗೆ ಹೋದೆ. ಅಲ್ಲಿನ ಒಂದು ಮರಾಠಿ ಮನೆಯ ಪುಸ್ತಕ ಪೂರ್ತಿ ಮರಾಠಿಯಲ್ಲಿತ್ತು, ಅಕ್ಷರ ಮಾತ್ರ ನನ್ನದೇ. ಬರೆಯಬಲ್ಲ ಹೆಂಗಸು ಎಂದು ಎಷ್ಟೋ ಮದುವೆಗಳಲ್ಲಿ ಆಯೇರ ಬರೆಯಲು ನನ್ನನ್ನೇ ಕೂರಿಸುತ್ತಿದ್ದರು, ಅದನ್ನು ನಾನು ಮರೆತೇಬಿಟ್ಟಿದ್ದೆ.

ಬೀಡಿಯಲ್ಲಿ ಕುರಿ ಸಾಕುವ ಮನೆಯ ಮುದುಕಿಯೊಬ್ಬಳು ಸೊಸೆಯ ಫೋನಿನಿಂದ ನೂರಾ ಒಂದು ರೂಪಾಯಿ ಕಳಿಸಿದ್ದಳು. ಅವಳ ಮನೆಯಲ್ಲಿ ಪುಸ್ತಕವಿರಲಿಲ್ಲ. ಕಬ್ಬಿಣದ ಟ್ರಂಕಿನ ಮುಚ್ಚಳ ಎತ್ತಿ ತೋರಿಸಿದಳು. ಒಳಬದಿಗೆ ಅಂಟಿಸಿದ ಹಾಳೆ, ಹಳದಿಯಾಗಿತ್ತು.

"ನನ್ನ ಮಗಳ ಲಗ್ನದಾಗ ನೀವ ಕುಂತ ಬರದೀರಿ. ಎಲ್ಲಾರದೂ ಬರದ ಮ್ಯಾಲೆ ಕಡೀಕ ನಿಮ್ಮದ ಬರಕೊಂಡೀರಿ. ಓದ್ರಿ," ಅಂದಳು.

ಓದಿದೆ. ಹಾಳೆಯ ಕೊನೆಯ ಸಾಲು: ಪೋಸ್ಟ್ ಬಾಯಿ, ಹನ್ನೊಂದು ರೂಪಾಯಿ. ಆಗ ನನಗೆ ಹೊಳೆಯಿತು. ನಾನು ಬರೆದ ಎಲ್ಲ ಪುಸ್ತಕಗಳಲ್ಲೂ ಹಾಗೆಯೇ, ಎಲ್ಲರ ಹೆಸರು ಮುಗಿದ ಮೇಲೆ ಕೊನೆಯ ಸಾಲಿನಲ್ಲಿ ನಾನು. ಮುದುಕಿ ನನ್ನನ್ನು ರೊಟ್ಟಿ ತಿನ್ನದೆ ಕಳಿಸಲಿಲ್ಲ. ಹೋಗುವ ಊರಲ್ಲಿ ಯಾರು ಯಾರು ಇದ್ದಾರೆ ಎಂದು ಕೇಳಿದಳು. ಯಾರೂ ಇಲ್ಲ ಅಂದೆ. "ಹೋದ ಮ್ಯಾಲೆ ಆಗ್ತಾರ ಬಿಡ್ರಿ," ಅಂದಳು.

ಫೋಟೋಗಳನ್ನೆಲ್ಲ ನೋಡಿ ವೀಸಾ ಹುಡುಗಿ ಹಣೆ ಹಿಡಿದುಕೊಂಡಳು. "ಮೇಡಂ, ಅರ್ಧಕ್ಕರ್ಧ ನಿಮ್ಮ ಅಕ್ಷರನ ಅದಾವಲ್ರೀ. ಪುರಾವೆ ನೀವ ಬರದೀರಿ ಅಂತಾರ!" ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹಾಳೆ ಹಳೆಯದಾಗಿರುವುದು ಕಾಣುತ್ತದೆ, ಅಷ್ಟು ಸಾಕು ಎಂದು ಕೊನೆಗೆ ಅವಳೇ ಸಮಾಧಾನ ಹೇಳಿದಳು. ಆಮೇಲೆ ಒಂದು ನಮೂನೆಯ ಪತ್ರ ಮುಂದಿಟ್ಟಳು. ಈ ಹಣ ಕಾಣಿಕೆ, ಇದನ್ನು ಎಂದೂ ಹಿಂದಿರುಗಿಸಬೇಕಾಗಿಲ್ಲ ಎಂದು ಅದರಲ್ಲಿತ್ತು. ಸಹಿ ಮಾಡಿದರೆ ಕೆಲಸ ಮುಗಿಯಿತು.

ನನ್ನ ಕೈ ಏಳಲಿಲ್ಲ. ಹಿಂದಿರುಗಿಸಬೇಕಾಗಿಲ್ಲದ ಆಯೇರ ಎಂಬುದು ನಮ್ಮಲ್ಲಿ ಇಲ್ಲವೇ ಇಲ್ಲ. ಹಾಗೆಂದು ಸಾಲ ಎಂದರೆ ವೀಸಾ ಇಲ್ಲ. ಸುಳ್ಳಿಗೆ ಸಹಿ ಮಾಡಿ ಗೊತ್ತಿಲ್ಲದವಳು ನಾನು, ಹೊಟ್ಟೆನೋವಿನ ಸುಳ್ಳೊಂದನ್ನು ಬಿಟ್ಟರೆ. ಅಲ್ಲಿಂದಲೇ ವೈನಿಗೆ ಫೋನು ಮಾಡಿದೆ.

"ಅಷ್ಟೂ ತಿಳಿಯೂದಿಲ್ಲೇನ ನಿನಗ?" ಅಂದಳು ವೈನಿ. "ನೀ ಕೊಟ್ಟಿದ್ದಿ, ಅವರು ತಿರಗಿ ಕೊಟ್ರು. ಅದು ಮುಗೀತು. ಮ್ಯಾಲಿನ ಒಂದ್ ರೂಪಾಯಿ ಐತೆಲ್ಲ, ಅದು ಮುಗೀಬಾರದು ಅಂತ ಹಾಕೂದು. ಅದನ್ನ ನೀ ಬಂದು ಮುಟ್ಟಸಬೇಕು."

ನೂರರ ಮೇಲಿನ ಒಂದು, ಸಾವಿರದ ಮೇಲಿನ ಒಂದು. ಬುದ್ಧಿ ಬಂದಾಗಿನಿಂದ ಕೊಡುತ್ತ ಬಂದಿದ್ದೆ, ಯಾಕೆಂದು ಒಂದು ದಿನವೂ ಯೋಚಿಸಿರಲಿಲ್ಲ. ನಮೂನೆಯ ಪತ್ರವನ್ನು ಪಕ್ಕಕ್ಕೆ ಸರಿಸಿ ನಾನೇ ಇಂಗ್ಲಿಷಿನಲ್ಲಿ ಬರೆಯಲು ಕೂತೆ. ನಾನು ಮದುವೆಯಾಗದವಳು ಎಂದು ಶುರುಮಾಡಿದೆ. ನಮ್ಮ ಊರಿನ ಪದ್ಧತಿ ಹೀಗೆ, ನಾನು ಕೊಟ್ಟದ್ದು ಇಲ್ಲೆಲ್ಲ ಬರೆದಿದೆ, ನನ್ನ ಪ್ರಯಾಣವನ್ನೇ ನನ್ನ ಮನೆಯ ಕಾರ್ಯವೆಂದು ತಿಳಿದು ಈ ಅರವತ್ತೆರಡು ಮನೆಯವರು ಅದನ್ನು ತಿರುಗಿ ಕೊಟ್ಟಿದ್ದಾರೆ, ಆದ್ದರಿಂದ ಇದು ಸಾಲವಲ್ಲ ಎಂದೆ. ಕೊನೆಯಲ್ಲಿ ಬರೆದೆ: ಪ್ರತಿ ಮೊತ್ತದ ಮೇಲಿನ ಒಂದು ರೂಪಾಯಿ ಮಾತ್ರ ನನ್ನ ಮೇಲಿರುವ ಬಾಕಿ. ಒಟ್ಟು ಅರವತ್ತೆರಡು ರೂಪಾಯಿ. ಅದನ್ನು ಕೊಡಲು ವರ್ಷದ ಕೊನೆಗೆ ನಾನು ನನ್ನ ಊರಿಗೆ ಮರಳುತ್ತೇನೆ.

"ಮೇಡಂ, ಆ ಕಡೀ ಸಾಲು ತಗೀರಿ," ಅಂದಳು ಹುಡುಗಿ.

"ತಗಿಯೂದಿಲ್ಲ," ಅಂದೆ.

ಅರ್ಜಿ ಹೋಯಿತು. ಎರಡೂವರೆ ವಾರ ನಾನು ಊಟದ ರುಚಿ ಕಾಣಲಿಲ್ಲ. ಈಜುಕೊಳದಲ್ಲಿ ಮಾತ್ರ ಮನಸ್ಸು ಹಗುರಾಗುತ್ತಿತ್ತು. ಅಷ್ಟರಲ್ಲಿ ಅಂಗಾತ ತೇಲುವುದನ್ನು ಕಲಿತಿದ್ದೆ. ಬಾತ್ ಕೇಳುತ್ತಿದ್ದ ಓಣಿ ಈಗ ಬಂತೇನ್ರಿ ಎಂದು ಕೇಳತೊಡಗಿತು. ನನಗೆ ಬೇಸರವೇ ಆಗಲಿಲ್ಲ. ಕೇಳದೆ ದಾಟಿ ಹೋದವರನ್ನು ನಾನೇ ನಿಲ್ಲಿಸಿ, ಇನ್ನೂ ಬಂದಿಲ್ಲ ಎಂದು ಹೇಳುತ್ತಿದ್ದೆ.

ಒಂದು ಗುರುವಾರ ಮಧ್ಯಾಹ್ನ ಹುಡುಗಿಯ ಫೋನು ಬಂತು. "ಮೇಡಂ, ಬಂತ್ರೀ! ಒಂದ್ ವರ್ಷದ್ದು!" ನಾನು ಮೆಟ್ಟಿಲ ಮೇಲೆ ನಿಂತು ಕೂಗಿದ ಕೂಗಿಗೆ ಕೆಳಗಿನ ಮಗ್ಗ ನಿಂತಿತು, ಪಕ್ಕದ ಮನೆಯದು ನಿಂತಿತು, ಎದುರಿನದೂ ನಿಂತಿತು. ಆ ಓಣಿ ಅಷ್ಟು ನಿಶ್ಶಬ್ದವಾದದ್ದನ್ನು ನಾನು ಮೊದಲು ಕಂಡಿರಲಿಲ್ಲ. ಆಮೇಲೆ ಎಲ್ಲ ಬಾಗಿಲುಗಳಿಂದ ಜನ ಹೊರಗೆ ಬಂದರು. ಅಣ್ಣ ಎಲ್ಲರಿಗಿಂತ ಮುಂದೆ ಪೇಢೆಯ ಪೊಟ್ಟಣ ಹಿಡಿದು ನಿಂತ. ಯಾವಾಗ ತಂದಿಟ್ಟಿದ್ದನೋ. "ನಮ್ಮ ತಂಗಿ ಥೈಲ್ಯಾಂಡಿಗೆ ಹೊಂಟಾಳ," ಎಂದು ಅವನೇ ಗಟ್ಟಿಯಾಗಿ ಹೇಳುತ್ತಿದ್ದ.

ಆ ಗದ್ದಲದಲ್ಲಿ ಫೋನು ಇನ್ನೊಮ್ಮೆ ಟಿಂಗ್ ಅಂದದ್ದು ನನಗೆ ಕೇಳಿಸಿರಲಿಲ್ಲ. ಸಂಜೆ ಮೇಲೆ ಬಂದು ನೋಡಿದೆ. ನೂರಾ ಒಂದು ರೂಪಾಯಿ, ವೀಸಾ ಹುಡುಗಿಯಿಂದ. ಜೊತೆಗೆ ಒಂದೇ ಶಬ್ದ ಬರೆದಿದ್ದಳು: ಆಯೇರ.

ಹಾಸಿಗೆಯ ಮೇಲೆ ಕೂತು ಅದನ್ನೇ ನೋಡಿದೆ. ಅವಳ ಮನೆಯ ಯಾವ ಕಾರ್ಯಕ್ಕೂ ನಾನು ಹೋದವಳಲ್ಲ, ಅವಳಿಗೆ ಏನನ್ನೂ ಕೊಟ್ಟವಳಲ್ಲ. ಇದು ತಿರುಗಿ ಬಂದದ್ದಲ್ಲ. ನನ್ನ ಜೀವಮಾನದಲ್ಲಿ ಯಾರೋ ತಾವಾಗಿ ನನಗೆ ಮೊದಲು ಮಾಡಿದ ಆಯೇರ. ಎದ್ದು ಹೋಗಿ ಮೂಲೆಯ ಅಂಗಡಿಯಿಂದ ಒಂದು ನೋಟ್‌ಪುಸ್ತಕ ತಂದೆ. ಎಲ್ಲಿಗೆ ಎಂದು ನಾಲ್ಕು ಜನ ಕೇಳಿದರು, ನಾಲ್ವರಿಗೂ ಹೇಳಿದೆ. ಮೂವತ್ತೇಳು ವರ್ಷ ಬೇರೆಯವರ ಪುಸ್ತಕದ ಕೊನೆಯ ಸಾಲಿನಲ್ಲಿ ನನ್ನನ್ನು ಬರೆದುಕೊಂಡವಳು, ಆ ಸಂಜೆ ನನ್ನ ಪುಸ್ತಕದ ಮೊದಲ ಸಾಲು ಬರೆದೆ. ಮಸಿ ಆರುವವರೆಗೆ ಕಾದು, ಅದನ್ನು ಸೂಟ್‌ಕೇಸಿನಲ್ಲಿ ಈಜುಡುಗೆಯ ಪಕ್ಕದಲ್ಲಿಟ್ಟೆ.